ಹಾರ್ಮೋನ್ ಇಂಜೆಕ್ಷನ್ ಮನೆಯಲ್ಲೇ ತೆಗೆದುಕೊಂಡವರು ಅನುಭವ ತಿಳಿಸುವಿರಾ?

ನನಗೆ 31 ವರ್ಷ, ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದೆ, ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಲೆಟ್ರೊಜೋಲ್ ಮಾತ್ರೆ ನಾಲ್ಕು ತಿಂಗಳು ನುಂಗಿದರೂ ಅಂಡೋತ್ಪತ್ತಿ ಆಗದ ಕಾರಣ, ಮುಂದಿನ ಮುಟ್ಟಿನ ಎರಡನೆಯ ದಿನದಿಂದ ಎಫ್‌ಎಸ್‌ಎಚ್ ಎಂಬ, ಅಂಡ ಬೆಳೆಸುವ ಹಾರ್ಮೋನ್ ಇಂಜೆಕ್ಷನ್ ಆರಂಭಿಸೋಣವೆಂದು ಮಂಗಳೂರಿನ ವೈದ್ಯರು ಹೇಳಿದ್ದಾರೆ. ಬದಿಯಡ್ಕದಿಂದ ದಿನವೂ ಹೋಗಿಬರುವುದು ಕಷ್ಟ. ಮಳೆಗೆ ಕರೆಂಟ್ ಹೋದರೆ ಮದ್ದು ಕೆಡುತ್ತದೆಯೇ?

ಪೆರ್ಲದಿಂದ:
ತಂಗೀ, ಚುಚ್ಚಿಕೊಳ್ಳುವುದು ಹೆದರಿದಷ್ಟು ಕಷ್ಟವಲ್ಲ. ಹೊಕ್ಕುಳಿಂದ ಎರಡು ಬೆರಳು ದೂರದಲ್ಲಿ ಚರ್ಮವನ್ನು ಮಡಚಿ ಹಿಡಿದು, ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ, ರಾತ್ರಿ ಎಂಟಕ್ಕೆ ತಪ್ಪದೆ ಹತ್ತು ದಿನ ನಾನೇ ಚುಚ್ಚಿಕೊಂಡೆ. ನನ್ನ ಮದ್ದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಿತ್ತು. ಕರೆಂಟ್ ಹೋದ ದಿನ ಅದನ್ನು ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬೈರಾಸಿನಲ್ಲಿ ಸುತ್ತಿ ಥರ್ಮಾಸಿನಲ್ಲಿಟ್ಟೆವು. ಹೆಪ್ಪುಗಟ್ಟಿದರೂ ಮದ್ದು ಕೆಟ್ಟಂತೆಯೇ. ಕೆಲವು ಮದ್ದುಗಳು ಹೊರಗೂ ಸ್ವಲ್ಪ ದಿನ ತಡೆಯುತ್ತವೆ, ನಿಮ್ಮದು ಯಾವುದೆಂದು ಮೆಡಿಕಲ್ಲಿನಲ್ಲಿ ಕೇಳಿಕೊಳ್ಳಿ.

ಆದರೆ ಸ್ಕ್ಯಾನಿಂಗ್‌ಗೆ ಮಾತ್ರ ಮಂಗಳೂರಿಗೆ ಹೋಗಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಫಾಲಿಕಲ್ (ಅಂಡ ಬೆಳೆಯುವ ಪುಟ್ಟ ಚೀಲ) ಎಷ್ಟು, ಎಷ್ಟು ದೊಡ್ಡದು ಎಂಬುದನ್ನು ನೋಡಿಯೇ ಮರುದಿನದ ಪ್ರಮಾಣವನ್ನು ನಿರ್ಧರಿಸುತ್ತಾರೆ. ಸುಮಾರು 18 ಮಿಲಿಮೀಟರಿಗೆ ಬಂದಾಗ ಎಚ್‌ಸಿಜಿ ಟ್ರಿಗರ್ (ಅಂಡ ಹೊರಬರುವಂತೆ ಮಾಡುವ ಹಾರ್ಮೋನ್ ಇಂಜೆಕ್ಷನ್) ಕೊಡುತ್ತಾರೆ, ಸುಮಾರು 36 ಗಂಟೆಗಳಲ್ಲಿ ಅಂಡ ಹೊರಬರುತ್ತದೆ. ನನ್ನ ಮೊದಲನೆಯ ಸುತ್ತಿನಲ್ಲಿ ಒಂದಲ್ಲ, ಏಳು ಫಾಲಿಕಲ್ ಒಟ್ಟಿಗೆ ಬೆಳೆದುಬಿಟ್ಟವು. ವೈದ್ಯರು ಟ್ರಿಗರ್ ಕೊಡಲಿಲ್ಲ. ಅಷ್ಟು ಹಣ ಹೋಯಿತೆಂದು ಬಸ್ಸಿನಲ್ಲಿ ಅತ್ತದ್ದು ನೆನಪಿದೆ. ಅವಳಿ-ತ್ರಿವಳಿಯ ಅಪಾಯವನ್ನೂ ಅಂಡಾಶಯ ಊದಿಕೊಳ್ಳುವ ತೊಂದರೆಯನ್ನೂ ಅವರು ತಪ್ಪಿಸಿದರೆಂದು ಅರ್ಥವಾದದ್ದು ಆಮೇಲೆ. ಪಿಸಿಓಎಸ್ ಇರುವವರಿಗೆ ಇದರ ಸಾಧ್ಯತೆ ಹೆಚ್ಚು. ಹೊಟ್ಟೆ ಬಿಗಿದುಕೊಂಡು ಒಂದೆರಡು ದಿನದಲ್ಲೇ ತೂಕ ಏರಿದರೆ, ಮೂತ್ರ ಕಡಿಮೆಯಾದರೆ ಅಥವಾ ಉಸಿರು ಕಟ್ಟಿದರೆ, ಮನೆಮದ್ದೆಂದು ಕೂರದೆ ಆ ರಾತ್ರಿಯೇ ಹೊರಡಿ.

ಮಂಜೇಶ್ವರದಿಂದ:
ಟ್ರಿಗರ್ ಆದ ಎಂಟನೆಯ ದಿನ ನಾನು ಮನೆಯಲ್ಲೇ ಗರ್ಭಪರೀಕ್ಷೆ ಮಾಡಿದಾಗ ಎರಡು ಗೆರೆ ಬಂದವು. ಅತ್ತೆಗೂ ಹೇಳಿದೆ. ಅದು ಗರ್ಭದ್ದಲ್ಲ, ಚುಚ್ಚಿದ ಎಚ್‌ಸಿಜಿಯದೇ ಗೆರೆ ಎಂದು ನರ್ಸ್ ತಿಳಿಸಿದಾಗ ಮುಖ ಎಲ್ಲಿಡುವುದೆಂದು ತೋಚಲಿಲ್ಲ. ಎರಡು ವಾರ ಕಾಯಿರಿ.

ಕುಂಬಳೆಯಿಂದ, ಗಂಡನಾಗಿ ಒಂದು ಮಾತು:
ನನ್ನ ಹೆಂಡತಿ ಎರಡು ಸುತ್ತು ಇಂಜೆಕ್ಷನ್ ತೆಗೆದುಕೊಂಡ ನಂತರವಷ್ಟೇ ನನ್ನ ವೀರ್ಯಪರೀಕ್ಷೆ ನಡೆಯಿತು, ಅದೂ ನಾನೇ ಮುಂದೂಡುತ್ತ ಬಂದದ್ದರಿಂದ. ವೀರ್ಯಾಣುಗಳ ಸಂಖ್ಯೆ ತೀರ ಕಡಿಮೆಯಿತ್ತು. ನಿಮ್ಮವರ ಪರೀಕ್ಷೆಯೂ ನಿಮ್ಮ ಗರ್ಭನಾಳಗಳ ಪರೀಕ್ಷೆಯೂ ಆಗಿರದಿದ್ದರೆ, ಮೊದಲ ಸೂಜಿಗೆ ಮುಂಚೆಯೇ ಅವನ್ನು ಮುಗಿಸಿಕೊಳ್ಳಿ.