ಚಿರತೆ ಓಡಿಸಲು ನಾಯಿ ಬಿಡಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ತಿಪಟೂರು ಕಡೆ ತೋಟ. ಚಿರತೆ ಎರಡು ಕುರಿ ಹಿಡಿದಿದೆ. ಊರಲ್ಲಿ ಕೆಲವರ ಹತ್ತಿರ ಮುಧೋಳ ನಾಯಿಗಳಿವೆ. ಅವನ್ನು ಬಿಟ್ಟು ಪೊದೆಯಿಂದ ಎಬ್ಬಿಸಿ ಓಡಿಸೋಣ ಅಂತಿದ್ದಾರೆ. ಕೊಲ್ಲುವ ಉದ್ದೇಶ ಯಾರಿಗೂ ಇಲ್ಲ. ಆದರೂ ಕೇಸಾಗುತ್ತದಾ?

ಉತ್ತರ (ವಕೀಲರು): ಆಗುತ್ತದೆ. ದಯವಿಟ್ಟು ಅವರನ್ನು ತಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ. ಹಿಡಿಯುವುದು, ನಾಯಿ ಬಿಟ್ಟು ಬೆನ್ನಟ್ಟುವುದು, ಅಟ್ಟುವುದು, ಉರುಳು ಹಾಕುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಚಿರತೆ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ.

ಪ್ರಶ್ನೆ: ಅದು ನಮ್ಮ ಮೇಲೇ ಬಿದ್ದರೆ?

ಉತ್ತರ: ಜೀವ ಉಳಿಸಿಕೊಳ್ಳಲು, ಅಥವಾ ಇನ್ನೊಬ್ಬರನ್ನು ಉಳಿಸಲು ಹೊಡೆದರೆ ಅಪರಾಧವಲ್ಲ. 11ನೇ ಕಲಮಿನಲ್ಲಿ ಹಾಗಿದೆ. ಆದರೆ ಅದಕ್ಕೊಂದು ಷರತ್ತು ಇದೆ, ಜನಕ್ಕೆ ಗೊತ್ತಿರುವುದಿಲ್ಲ. ಆ ಹೊತ್ತಿಗೆ ನೀವೇ ಕಾಯ್ದೆ ಮೀರುತ್ತಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಅಂದರೆ ನಾಯಿ ಬಿಟ್ಟು ಕೆಣಕಿದ್ದು ನೀವು, ಅದು ತಿರುಗಿಬಿದ್ದಾಗ ಹೊಡೆದಿದ್ದೂ ನೀವು. ಆಗ ಆತ್ಮರಕ್ಷಣೆ ಅಂತ ಕೋರ್ಟಲ್ಲಿ ಹೇಳಿದರೆ ನಿಲ್ಲುವುದು ಕಷ್ಟ. ಸಿಕ್ಕಿಬಿದ್ದ ಚಿರತೆ ತುಂಬಾ ಅಪಾಯಕಾರಿ. ನಿಮ್ಮ ಹುಡುಗರ ಬಗ್ಗೆ ನನಗೆ ಅದೇ ಚಿಂತೆ.

ಇನ್ನೊಬ್ಬರು: ನಾನು ಅಮೆರಿಕದ ಒರೆಗಾನ್‌ನಲ್ಲಿದ್ದೇನೆ. ಇಲ್ಲಿ ಕೂಗರ್ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ) ಹಿಡಿಯಲು ನಾಯಿ ಬಳಸುತ್ತಾರಲ್ಲ ಮೇಡಂ?

ಉತ್ತರ: ಹವ್ಯಾಸಕ್ಕೆ ಬೇಟೆಯಾಡುವವರಿಗೆ ಅಲ್ಲೂ ಅವಕಾಶವಿಲ್ಲ. 1994ರಲ್ಲಿ ಜನರೇ ಮತ ಹಾಕಿ ನಿಲ್ಲಿಸಿದರು. ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ 1996ರಲ್ಲಿ ಹಾಗೇ ಆಯಿತು. ನಾಯಿಗಳು ಅಟ್ಟಿದರೆ ಕೂಗರ್ ಮರ ಹತ್ತುತ್ತದೆ, ಕೆಳಗಿನಿಂದ ಗುಂಡು ಹೊಡೆಯುತ್ತಾರೆ. ಇದು ಸರಿಯಲ್ಲ ಅನ್ನುವುದು ಅನೇಕರ ವಾದವಾಗಿತ್ತು, ನನಗೂ ಹಾಗೇ ಅನಿಸುತ್ತದೆ. ಆದರೆ ಕೂಗರ್ ಜಾನುವಾರು ತಿಂದಾಗ ಸರ್ಕಾರಿ ಸಿಬ್ಬಂದಿ ನಾಯಿ ಬಳಸಬಹುದು. ಇಡಾಹೊದಲ್ಲಿ ನಾಯಿ ಬಿಟ್ಟು ಬೇಟೆಯಾಡುವುದಕ್ಕೆ ಇವತ್ತಿಗೂ ಅನುಮತಿ ಇದೆ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು.

ಪ್ರಶ್ನೆ: ಹಾಗಾದರೆ ಈಗ ನಾವೇನು ಮಾಡಬೇಕು?

ಉತ್ತರ: ವಲಯ ಅರಣ್ಯಾಧಿಕಾರಿ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಕುರಿಯ ಕಳೇಬರ ಕದಲಿಸಬೇಡಿ, ಫೋಟೊ ತೆಗೆದಿಡಿ. ಮಹಜರು ಆದ ಮೇಲೆ ಪರಿಹಾರಕ್ಕೆ ಅರ್ಜಿ ಹಾಕಿ. ಬೋನು ಇಡುವುದು ಇಲಾಖೆಯ ಕೆಲಸ, ನೀವೇ ಇಡಬೇಡಿ. ಕುರಿಗಳನ್ನು ರಾತ್ರಿ ಮೇಲೂ ಮುಚ್ಚಿರುವ ಗಟ್ಟಿ ದೊಡ್ಡಿಯಲ್ಲಿ ಕೂಡಿ. ಕಾವಲಿಗೆ ನಾಯಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಅದನ್ನು ಹೊರಗೆ ಸರಪಳಿಯಲ್ಲಿ ಕಟ್ಟಬೇಡಿ. ಚಿರತೆಗೆ ನಾಯಿಯೂ ಆಹಾರವೇ ಅಲ್ವಾ?