ತಾಳ ಹಾಕಿ ಪಾರ್ಕಿನ್ಸನ್ ಇರುವವರನ್ನು ನಡೆಸಿದವರು ಇದ್ದೀರಾ?

ಸರಸ್ವತಿಪುರಂ ಮಗಳು: ಅಪ್ಪನಿಗೆ 71. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ಮೆಟ್ರೋನೋಮ್ (ಟಿಕ್ ಟಿಕ್ ಎಂದು ಸಮ ತಾಳ ಕೊಡುವುದು) ಅಥವಾ ಹಾಡು ಹಾಕಿ ನಡೆಸಿ ಎಂದು ಫಿಸಿಯೋ ಹೇಳಿದ್ದಾರೆ. ಮಾಡಿದವರು ಹೇಳಿ, ಏನು ಕೊಳ್ಳಬೇಕು?

ಕುವೆಂಪುನಗರದವಳು: ಕಣ್ಣು ಮುಚ್ಚಿ ಶುರು ಮಾಡಿ. ನಮ್ಮ ಯಜಮಾನರು ಇವತ್ತು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಿದ್ದರೆ ಅದು ತಾಳದಿಂದಲೇ. ಮೊದಲು ಬ್ಲೂಟೂತ್ ಹೆಡ್‌ಫೋನ್ ತಂದೆವು, 1,800 ರೂಪಾಯಿ. ಕಿವಿ ಉರಿ ಎಂದು ಕಿತ್ತಿಟ್ಟರು. ಆಮೇಲೆ ಸಂಗೀತದವರ ತಾಳದ ಪೆಟ್ಟಿಗೆ, 5,200. ಅದರ ಅಡಾಪ್ಟರ್ ಸುಟ್ಟು ಮತ್ತೆ 450. ಕೊನೆಗೆ ಉಪಯೋಗಕ್ಕೆ ಬಂದದ್ದು ಫೋನಿನ ಪುಕ್ಕಟೆ ಮೆಟ್ರೋನೋಮ್ ಆಪ್, ಜೇಬಿಗೆ ಹಿಡಿಸುವ 900 ರೂಪಾಯಿ ಸ್ಪೀಕರ್. ನಿಮಿಷಕ್ಕೆ ಅವರ ಹೆಜ್ಜೆ 92 ಇತ್ತು. ತಾಳವನ್ನೂ ಅಷ್ಟಕ್ಕೇ ಇಟ್ಟು, ಹೊಂದಿಕೊಂಡ ಮೇಲೆ 97 ಮಾಡಿದೆ. ಹಾಡಾದರೆ ಎಂಟೆಣಿಕೆಯ ಆದಿತಾಳದ್ದು ಹಾಕಿ, ಎರಡು ಕಾಲಿಗೂ ಸಮ ಪಾಲು ಸಿಗುತ್ತದೆ. ಮಿಶ್ರ ಛಾಪು ತಾಳದ ಏಳೆಣಿಕೆಗೆ ಅವರು ತಡವರಿಸುತ್ತಿದ್ದರು. 1996ರಲ್ಲೇ ಅಮೆರಿಕದಲ್ಲಿ ಮೈಕಲ್ ಥೌಟ್ ಎಂಬ ಸಂಶೋಧಕರ ತಂಡ ಪಾರ್ಕಿನ್ಸನ್ ಇರುವವರನ್ನು ದಿನಕ್ಕೆ ಅರ್ಧ ಗಂಟೆಯಂತೆ ಮೂರು ವಾರ ತಾಳಕ್ಕೆ ನಡೆಸಿ ನೋಡಿತ್ತು. ನಡಿಗೆಯ ವೇಗ, ಹೆಜ್ಜೆಯ ಉದ್ದ ಎರಡೂ ಹೆಚ್ಚಿದವು. ಒಳಗಿನ ತಾಳ ಕೈಕೊಟ್ಟಾಗ ಹೊರಗಿನದು ಬೇಕು, ಅಷ್ಟೇ.

ಮಂಡ್ಯದ ಮಗ: ಕಣ್ಣು ಮುಚ್ಚಿ ಶುರು ಮಾಡಿ ಎಂದು ಬರೆಯಲು ಹೇಗೆ ಮನಸ್ಸು ಬಂತು ಮೇಡಂ? ಕಾಲು ಅಂಟುತ್ತದೆ ಎಂದು ಅವರು ಹೇಳುತ್ತಿದ್ದಾರೆ! ನಮ್ಮಪ್ಪನಿಗೂ ಹಾಗೇ. ಮೈಸೂರಿನ ಒಂದು ಕ್ಲಿನಿಕ್‌ನಲ್ಲಿ ಸಲಕ್ಕೆ 600 ಇಸಿದುಕೊಂಡು ತಾಳದ ವೇಗ ಏರಿಸುತ್ತಲೇ ಹೋದರು. ಅಪ್ಪ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಮುಂದಕ್ಕೆ ಓಡಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ 2,40,000. ವಾಕರ್ 1,650. ಕಮೋಡ್ ಕುರ್ಚಿ 2,900. ರಾತ್ರಿ ನೋಡಿಕೊಳ್ಳುವವರಿಗೆ ದಿನಕ್ಕೆ 700, ಊಟ ಬೇರೆ. ಈಗ ಅವರ ಸಹಜ ನಡಿಗೆಗಿಂತ ಸ್ವಲ್ಪ ನಿಧಾನಕ್ಕೆ ತಾಳ ಇಡುತ್ತೇವೆ. ಅಂಟುವವರಿಗೆ ವೇಗ ಏರಿಸಿದರೆ ಅಂಟುವುದು ಜಾಸ್ತಿ ಆಗಬಹುದು. ಇದನ್ನು ಯಾರೂ ಮೊದಲೇ ಹೇಳಲಿಲ್ಲ.

ಕುವೆಂಪುನಗರದವಳು: ನಾನು ಏರಿಸಿದ್ದು ಬರೀ ಐದು ಸಾರ್. ನಿಮ್ಮ ಕ್ಲಿನಿಕ್‌ನ ಸಿಟ್ಟು ನನ್ನ ಮೇಲೆ ಯಾಕೆ?

ಮದ್ದೂರಿನವನು: ಟಿಕ್ ಟಿಕ್ ಕೇಳಿಕೊಂಡು ಯಾರು ನಡೆಯುತ್ತಾರೆ? ನಮ್ಮವ್ವನಿಗೆ ಹಬ್ಬದಲ್ಲಿ ಫೋನಿಗೆ ಹಿಡಿದುಕೊಂಡ ಪೂಜಾ ಕುಣಿತದ ತಮಟೆ ಹಾಕಿದೆ. ಬಾಗಿಲಲ್ಲಿ ನಿಂತವರು ತಾವಾಗಿ ಕಾಲೆತ್ತಿದರು. ಖರ್ಚು ಸೊನ್ನೆ. ಜೊತೆಗೆ ನಸುಗುನ್ನಿ ಪುಡಿ ಕೊಡುತ್ತೇವೆ. ಪಾರ್ಕಿನ್ಸನ್ ಮಾತ್ರೆ ಸಿಂಡೋಪಾ ಅರ್ಧಕ್ಕೆ ಇಳಿಸಿದ್ದೇವೆ, ಡಾಕ್ಟರಿಗೆ ಹೇಳಿಲ್ಲ.

ಹೆಬ್ಬಾಳದ ಸೊಸೆ: ಅಯ್ಯೋ, ದಯವಿಟ್ಟು ಹೇಳಿ ಅಣ್ಣ! ನಸುಗುನ್ನಿ ಬೀಜದಲ್ಲೂ ಇರುವುದು ಸಿಂಡೋಪಾದಲ್ಲಿರುವ ಔಷಧ ಲೆವೊಡೋಪಾನೇ. ಪುಡಿಯಲ್ಲಿ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ನಮ್ಮತ್ತೆಗೆ ಯಾರೋ ನೆಂಟರು ಮಾತ್ರೆ ಜೊತೆಗೇ ಕೊಡಿಸಿ, ಕೈಕಾಲು ತಾನಾಗಿ ಕುಣಿಯತೊಡಗಿ, ಎರಡು ರಾತ್ರಿ ಆಸ್ಪತ್ರೆ, 18,400. ಮಾತ್ರೆಯ ಹೊತ್ತಿಗೆ ಮೊಟ್ಟೆ, ಕಾಳಿನ ಸಾರು ತಿಂದರೂ ಮಾತ್ರೆ ಸರಿಯಾಗಿ ಹಿಡಿಯದಿರಬಹುದು. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಯಾವ ತಮಟೆ ಬಡಿದೂ ಅತ್ತೆ ಏಳಲಿಲ್ಲ.

ಮದ್ದೂರಿನವನು: ಹಳ್ಳಿ ಮದ್ದು ಅಂದರೆ ಮೈಸೂರಿನವರಿಗೆಲ್ಲ ಉರಿ. ನಮ್ಮವ್ವ ನಡೆಯುತ್ತಿದ್ದಾರೆ, ಬಂದು ನೋಡಿ.

ಹೆಬ್ಬಾಳದ ಸೊಸೆ: ನಾನೂ ಪಾಂಡವಪುರದ ಹಳ್ಳಿಯವಳೇ. ತಮಟೆ ಬೇಡ ಅನ್ನಲಿಲ್ಲ, ಪುಡಿ ವಿಷಯ ಹೇಳಿದೆ.

ಮಂಡ್ಯದ ಮಗ: ಪುಡಿ ಜಗಳ ಸಾಕು. ಸರಸ್ವತಿಪುರಂನವರೇ, ರಸ್ತೆಯಲ್ಲಿ ಕಿವಿ ಮುಚ್ಚುವ ಹೆಡ್‌ಫೋನ್ ಬೇಡ, ಹಾರ್ನ್ ಕೇಳಿಸುವುದಿಲ್ಲ. ಬಾಗಿಲಿಗೆ ತಾಳಕ್ಕಿಂತ ನಮಗೆ ಗೆದ್ದದ್ದು ಬಣ್ಣದ ಟೇಪು, ಸುರುಳಿಗೆ 120. ಹೊಸ್ತಿಲಿನ ಎರಡೂ ಕಡೆ ಒಂದೊಂದು ಹೆಜ್ಜೆಗೆ ಒಂದು ಅಡ್ಡಪಟ್ಟಿ ಅಂಟಿಸಿ, ದಾಟಿ ಎಂದರೆ ಕಾಲು ಏಳುತ್ತದೆ. ನೆಲ ಬಿಳಿ ಇದ್ದರೆ ಹಳದಿ ತರಬೇಡಿ, ಕಾಣುವುದಿಲ್ಲ.