ಸ್ಕ್ರೀನ್‌ಶಾಟ್ ಬೇಗ ಅಪ್‌ಲೋಡ್ ಮಾಡಿ ಲಿಂಕ್ ಕೊಡೋದು ಹೇಗೆ? (ಖಾತೆ ಬೇಡ, ದುಡ್ಡೂ ಬೇಡ)

ಹೊಸ_ಕೀಲಿಮಣೆ:
ಲಿಬ್ರೆಆಫೀಸ್ ಅನ್ನೋ ಉಚಿತ ಬರವಣಿಗೆ ತಂತ್ರಾಂಶದಲ್ಲಿ "ರ‍್ಯಾಂಕ್" ಅನ್ನೋ ಪದ ಒಂದು ಫಾಂಟ್‌ನಲ್ಲಿ ಸರಿಯಾಗಿದೆ, ಇನ್ನೊಂದರಲ್ಲಿ ಅರ್ಕಾವತ್ತು ಬಂದು ಕೆಟ್ಟಿದೆ. ಎರಡನ್ನೂ ಇಲ್ಲಿ ತೋರಿಸಬೇಕು. ಫೈಲ್ ಅಟ್ಯಾಚ್ ಮಾಡೋ ಸೌಲಭ್ಯ ಇಲ್ಲಿಲ್ಲ. ಗೂಗಲ್ ಡ್ರೈವ್ ಲಿಂಕ್ ಹಾಕಿದರೆ ಚಿತ್ರ ಕಾಣಿಸ್ತಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಪ್ರತಿಯಲ್ಲಿ ಒತ್ತಕ್ಷರ ಮಸುಕು. ಪುಟದ ಮೂಲೆಯಲ್ಲಿ ಒಂದು ಫೋನ್ ನಂಬರ್ ಇದೆ, ಅದನ್ನೂ ಮುಚ್ಚಬೇಕು.

ಚಿತ್ರಗುಪ್ತ:
ಪೋಸ್ಟ್‌ಇಮೇಜಸ್ ಅಥವಾ ಇಮ್‌ಜಿಬಿಬಿ, ಚಿತ್ರ ಹಾಕಿ ಲಿಂಕ್ ಪಡೆಯೋ ಈ ಎರಡು ಸೈಟಲ್ಲೂ ಲಾಗಿನ್ ಇಲ್ಲದೆ ಕೆಲಸ ಆಗುತ್ತೆ.

ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ, ಬೇಕಾದಷ್ಟೇ ಜಾಗ ಎಳೆದು ಆರಿಸಿ. ಇಮ್‌ಜಿಬಿಬಿ ಪುಟ ತೆರೆದು ಕಂಟ್ರೋಲ್ ವಿ ಒತ್ತಿದರೆ ಚಿತ್ರ ನೇರ ಬಂದು ಕೂರುತ್ತೆ, ಫೈಲ್ ಸೇವ್ ಮಾಡೋ ಗೋಜೇ ಇಲ್ಲ. ಮಿತಿ 32 ಎಂಬಿ, ಸ್ಕ್ರೀನ್‌ಶಾಟಿಗೆ ಧಾರಾಳ. ಅಲ್ಲೇ ಆಟೋ ಡಿಲೀಟ್ ಅಂತ ಒಂದು ಪಟ್ಟಿ ಇರುತ್ತೆ. ಚರ್ಚೆ ಮುಂದೆಯೂ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂದ್ರೆ ಅದನ್ನು ಮುಟ್ಟಬೇಡಿ.

ಎಡವೋದು ಇದಾದ ಮೇಲೆ. ಅಪ್‌ಲೋಡ್ ಆದಾಗ ಎರಡು ಬಗೆಯ ಲಿಂಕ್ ಸಿಗುತ್ತೆ. ವ್ಯೂವರ್ ಲಿಂಕ್ ಅಂದ್ರೆ ಜಾಹೀರಾತು ಸಮೇತದ ವೆಬ್ ಪುಟ. ಡೈರೆಕ್ಟ್ ಲಿಂಕ್ ಅಂದ್ರೆ ಬರೀ ಚಿತ್ರ, ವಿಳಾಸದ ಕೊನೆಯಲ್ಲಿ ಡಾಟ್ ಪಿಎನ್‌ಜಿ ಅಥವಾ ಡಾಟ್ ಜೆಪಿಜಿ ಇರುತ್ತೆ. ಪೋಸ್ಟಿನ ಒಳಗೇ ಚಿತ್ರ ಕಾಣಬೇಕಾದ್ರೆ ಎರಡನೆಯದೇ ಬೇಕು. ನಿಮ್ಮ ಡ್ರೈವ್ ಲಿಂಕ್ ಸೋತದ್ದೂ ಇಲ್ಲೇ: ಅದು ಪುಟದ ವಿಳಾಸ, ಚಿತ್ರದ್ದಲ್ಲ. ಡಿಸ್ಕಾರ್ಡ್ ಅನ್ನೋ ಚಾಟ್ ಆಪ್‌ನಲ್ಲಿ ಹಾಕಿ ಆ ಲಿಂಕನ್ನು ಇಲ್ಲಿ ಅಂಟಿಸೋದೂ ಬೇಡ, ಹೊರಗಡೆ ಅದು ಒಂದು ದಿನದಲ್ಲಿ ಸಾಯುತ್ತೆ.

ಪೋಸ್ಟ್‌ಇಮೇಜಸ್ ಬಳಸಿದರೆ "ರಿಸೈಜ್ ಮಾಡಬೇಡ" ಅನ್ನೋ ಆಯ್ಕೆಯನ್ನು ಹಾಗೇ ಬಿಡಿ. 640 × 480 ಆರಿಸಿದರೆ ಒತ್ತಕ್ಷರದ ಕಥೆ ಮುಗಿದ ಹಾಗೆ.

ಮಸಿಕುಡಿಕೆ:
ಮಸುಕಿನ ಬಗ್ಗೆ: ವಾಟ್ಸಾಪ್ ಫೋಟೋ ಅಂತ ಕಳಿಸಿದ್ದನ್ನು ಕುಗ್ಗಿಸಿ ಜೆಪಿಜಿ ಮಾಡುತ್ತೆ. ಜೆಪಿಜಿ ಹೂವು, ಬೆಟ್ಟ, ಮುಖಕ್ಕೆ ಸರಿ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದ ಅಂಚಿನಲ್ಲಿ ಮಾತ್ರ ಕೊಳೆ ಕೂರಿಸುತ್ತೆ, ಸಣ್ಣ ಒತ್ತುಗಳಲ್ಲಿ ಅದು ಎದ್ದು ಕಾಣುತ್ತೆ. ಫೋನಿಂದ ತರಲೇಬೇಕಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ, ಫೈಲ್ ಇದ್ದ ಹಾಗೇ ಬರುತ್ತೆ. ಅಕ್ಷರದ ಅಂಚು ಕೆಡಿಸದ ಪಿಎನ್‌ಜಿಯಲ್ಲೇ ಉಳಿಸಿ. ಅಕ್ಷರ ದೊಡ್ಡದು ಬೇಕಿದ್ರೆ ಲಿಬ್ರೆಆಫೀಸ್‌ನಲ್ಲೇ ಝೂಮ್ 200% ಮಾಡಿ ಆಮೇಲೆ ಸೆರೆಹಿಡಿಯಿರಿ. ಹಿಡಿದ ಮೇಲೆ ಹಿಗ್ಗಿಸಿದರೆ ಪಿಕ್ಸೆಲ್ ಹಿಗ್ಗುತ್ತೆ ಅಷ್ಟೇ.

ಫೋನ್ ನಂಬರ್ ಮುಚ್ಚೋಕೆ ಹೈಲೈಟರ್ ಪೆನ್ ಬಳಸಬೇಡಿ. ಕಪ್ಪು ಕಂಡರೂ ಅರೆಪಾರದರ್ಶಕ, ಹೊಳಪು ಏರಿಸಿದರೆ ಅಂಕಿ ಓದಬಹುದು. ತುಂಬಿದ ಬಣ್ಣದ ಚೌಕ ಹಾಕಿ. ಕ್ರಾಪ್ ಮಾಡಿದರೆ ಸಾಕು ಅಂತಲೂ ನಂಬೋ ಹಾಗಿಲ್ಲ: ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಚಿತ್ರ ತಿದ್ದೋ ಮಾರ್ಕಪ್‌ನಲ್ಲೂ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಕತ್ತರಿಸಿದ ಭಾಗದ ಡೇಟಾ ಫೈಲಿನಲ್ಲೇ ಉಳಿದಿರುತ್ತಿತ್ತು ಅನ್ನೋದು 2023ರ ಮಾರ್ಚ್‌ನಲ್ಲಿ ಬಯಲಾಯ್ತು. ಅಪ್‌ಡೇಟ್ ಬಂದಿದೆ, ಆದ್ರೆ ಅದಕ್ಕೂ ಮುಂಚೆ ಕ್ರಾಪ್ ಮಾಡಿಟ್ಟ ಫೈಲುಗಳಿಗೆ ಅದರಿಂದ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಸುಲಭ, ಹೊಸ ಖಾಲಿ ಕಡತದಲ್ಲಿ ಆ ಪದವೊಂದನ್ನೇ ಟೈಪ್ ಮಾಡಿ ಚಿತ್ರ ತೆಗೆಯೋದು.

ಹೊಸ_ಕೀಲಿಮಣೆ:
ಧನ್ಯವಾದ ಇಬ್ಬರಿಗೂ. ದಿನಾ ಹತ್ತಾರು ಚಿತ್ರ ಹಾಕೋರು ಇದನ್ನೇ ಮಾಡ್ತಾರಾ? ಬೇಡ ಅನ್ನಿಸಿದಾಗ ಅಳಿಸೋದು ಹೇಗೆ?

ಚಿತ್ರಗುಪ್ತ:
ಶೇರ್‌ಎಕ್ಸ್ ಅನ್ನೋ ಸ್ಕ್ರೀನ್‌ಶಾಟ್ ತಂತ್ರಾಂಶ ಹಾಕಿಕೊಳ್ಳಿ, ವಿಂಡೋಸ್‌ಗೆ ಉಚಿತ. ಕಂಟ್ರೋಲ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಜಾಗ ಆರಿಸಿದರೆ ಅಪ್‌ಲೋಡ್ ಮಾಡಿ ಲಿಂಕನ್ನು ಕ್ಲಿಪ್‌ಬೋರ್ಡ್‌ಗೆ ಹಾಕುವ ಹಾಗೆ ಹೊಂದಿಸಬಹುದು. ಆದ್ರೆ ಸೆರೆಹಿಡಿದ ಮೇಲಿನ ಕೆಲಸಗಳ ಪಟ್ಟಿಯಲ್ಲಿ ಅಪ್‌ಲೋಡ್‌ಗೆ ಟಿಕ್ ಇದ್ರೆ ಹಿಡಿದದ್ದೆಲ್ಲ ನೆಟ್ಟಿಗೆ ಹೋಗುತ್ತೆ, ಬ್ಯಾಂಕ್ ಪುಟ ಕೂಡ. ಬೇಕಾದಾಗ ಮಾತ್ರ ಟಿಕ್ ಮಾಡಿ.

ಅಳಿಸೋಕೆ: ಪೋಸ್ಟ್‌ಇಮೇಜಸ್ ಅಪ್‌ಲೋಡ್ ಆದ ತಕ್ಷಣ ರಿಮೂವಲ್ ಲಿಂಕ್ ಕೊಡುತ್ತೆ. ಖಾತೆ ಇಲ್ಲದವರಿಗೆ ಅದೇ ಬೀಗದ ಕೈ, ಎಲ್ಲಾದರೂ ಬರೆದಿಟ್ಟುಕೊಳ್ಳಿ. ಊಹಿಸಲಾಗದ ವಿಳಾಸ ಅಂದ ಮಾತ್ರಕ್ಕೆ ಖಾಸಗಿ ಅಲ್ಲ, ಲಿಂಕ್ ಇದ್ದವರೆಲ್ಲ ನೋಡಬಹುದು. ಆಧಾರ್, ಅಂಕಪಟ್ಟಿ ಇಂಥವನ್ನು ಈ ಸೈಟುಗಳಿಗೆ ಹಾಕಲೇಬೇಡಿ.

ಹಳೇಕೊಂಡಿ:
ತಡವಾಗಿ ಬಂದೆ. ಉಚಿತ ಸೈಟುಗಳ ಆಯಸ್ಸು ಅವರ ಮರ್ಜಿ. ಫೋಟೋಬಕೆಟ್ 2017ರಲ್ಲಿ ಬೇರೆ ಸೈಟುಗಳಲ್ಲಿ ಚಿತ್ರ ತೋರಿಸೋದಕ್ಕೆ ವರ್ಷಕ್ಕೆ 399 ಡಾಲರ್ ಕೇಳಿತು, ಲೆಕ್ಕವಿಲ್ಲದಷ್ಟು ಹಳೇ ಚರ್ಚೆಗಳು ಬೋಳಾದವು. ಟೈನಿಪಿಕ್ 2019ರಲ್ಲಿ ಬಾಗಿಲು ಹಾಕಿತು. ಇಮ್ಗರ್ 2023ರ ಮೇ ತಿಂಗಳಿಂದ ಖಾತೆಗೆ ಸೇರದ, ಯಾರೂ ನೋಡದ ಹಳೇ ಚಿತ್ರಗಳನ್ನು ಅಳಿಸೋ ನಿಯಮ ತಂದಿತು. ದೋಷ ಲಿಬ್ರೆಆಫೀಸ್‌ನದೇ ಅಂತ ಖಾತ್ರಿಯಾದರೆ ದೋಷ ತಿಳಿಸೋಕೆ ಇರುವ ಅವರ ಬಗ್‌ಜಿಲ್ಲಾ ಸೈಟಿನಲ್ಲಿ ವರದಿ ಹಾಕಿ, ಚಿತ್ರವನ್ನೂ ಮೂಲ ಕಡತದ ಓಡಿಟಿ ಫೈಲನ್ನೂ ಅಲ್ಲೇ ಅಟ್ಯಾಚ್ ಮಾಡಿ.

ಇನ್ನೊಂದು, ನಿಮ್ಮ ಸಮಸ್ಯೆಗೆ ಚಿತ್ರ ಅರ್ಧ ಸಾಕ್ಷಿ ಮಾತ್ರ. "ರ‍್ಯಾಂಕ್" ಸರಿ ಬರಬೇಕಾದ್ರೆ ರ ಆದ ಮೇಲೆ, ಹಲಂತಕ್ಕೆ (್) ಮುಂಚೆ, ಜೀರೋ ವಿಡ್ತ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಇರಬೇಕು. ಅದು ಇದೆಯೋ ಇಲ್ಲವೋ ಸ್ಕ್ರೀನ್‌ಶಾಟ್ ನೋಡಿ ಹೇಳೋಕಾಗಲ್ಲ. ಪದವನ್ನು ನಿಮ್ಮ ಕಡತದಿಂದಲೇ ಕಾಪಿ ಮಾಡಿ ಚಿತ್ರದ ಕೆಳಗೆ ಅಂಟಿಸಿ, ಎರಡೂ ಫಾಂಟ್‌ಗಳ ಹೆಸರು ಮತ್ತು ಲಿಬ್ರೆಆಫೀಸ್ ಆವೃತ್ತಿ ಬರೆಯಿರಿ. ಎರಡು ಚಿತ್ರಕ್ಕೂ ಒಂದೇ ಪಠ್ಯ ಇದ್ದು ಫಾಂಟ್ ಮಾತ್ರ ಬದಲಾಗಿದ್ರೆ ಫಾಂಟನ್ನೇ ಮೊದಲು ಅನುಮಾನಿಸಬೇಕು.